ಬೆಂಚು ಕೇಳಿದ ಕಾಗದ

ಸಿದ್ದಾಪುರ
30-3-1958, ಭಾನುವಾರ

ಯಮುನಕ್ಕನಿಗೆ ನಾಣಯ್ಯ ಮಾಡುವ ನಮಸ್ಕಾರ.

ಈ ಕಾಗದವನ್ನು ಎಸ್ಟೇಟಿನಲ್ಲಿ ಕೂತು ಬರೆಯುತ್ತಿಲ್ಲ. ಸಂತೆಗೆಂದು ಬಂದವನು ಬಸ್ ಸ್ಟ್ಯಾಂಡಿನ ಎದುರಿನ ದರ್ಜಿ ಲಿಂಗನ ಅಂಗಡಿಯಲ್ಲಿ, ಅವನ ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಬರೆಯುತ್ತಿದ್ದೇನೆ. ಇನ್ನು ಮೇಲೆ ನೀನೂ ಈ ಅಂಗಡಿಯ ವಿಳಾಸಕ್ಕೇ ಬರೆ. ಹೊಂಗೆಕೊಲ್ಲಿ ಎಸ್ಟೇಟ್ ಎಂದು ಬರೆದರೆ ಕಾಗದ ಟಪ್ಪಾಲು ಚೀಲದಲ್ಲಿ ಬರುತ್ತದೆ. ಆ ಚೀಲದ ಬೀಗದ ಕೈ ಒಂದು ಪೋಸ್ಟಾಫೀಸಿನಲ್ಲಿ, ಇನ್ನೊಂದು ಮ್ಯಾನೇಜರ್ ದೊರೆಯ ಜೇಬಿನಲ್ಲಿ. ಇಷ್ಟು ದಿನ ಅದು ನೆನಪಿಗೂ ಬಂದಿರಲಿಲ್ಲ.

ಗುರುವಾರ ಬೆಳಗಿನ ಜಾವ ಹೂಮಳೆ ಬಿತ್ತು. ಆ ಒಂದು ಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ಕಾಫಿ ಹೂ ಬಿಡುತ್ತದೆ, ಬೀಳದಿದ್ದರೆ ವರ್ಷವೇ ಹೋಯಿತು. ಮಳೆ ಅಳೆಯುವುದು ಆಫೀಸಿನ ಲೆಕ್ಕಪತ್ರ ಬರೆಯುವ ರೈಟರನಾದ ನನ್ನ ಕೆಲಸ. ದಿನಾ ಎಂಟು ಗಂಟೆಗೆ ಆಫೀಸಿನ ಮುಂದಿನ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಎಂದು ಬರೆದಿಡಬೇಕು. ಹೊಸ ದೊರೆಗೆ ಇದು ಇಲ್ಲಿಯ ಮೊದಲ ಹೂಮಳೆ. ಎಂಟರವರೆಗೆ ಕಾಯಲಾರದೆ ಆರಕ್ಕೇ ಬಂಗಲೆಯಿಂದ ಇಳಿದು ಬಂದು ನನ್ನ ಮನೆಯ ಬಾಗಿಲು ತಟ್ಟಿದ್ದಾರೆ. ನಾನು ಅಲ್ಲಿರಲಿಲ್ಲ. ಅದೇ ಹೊತ್ತಿಗೆ ನಾನೂ ಮಳೆಯ ಖುಷಿಯಲ್ಲಿ ಡಬ್ಬಿಯ ಕಡೆಗೆ ಓಡಿದೆ, ಸಾಂತಪ್ಪನ ಮನೆಯಿಂದ, ಅವನ ಕಂಬಳಿ ಹೊದ್ದುಕೊಂಡು. ಹಿಂದೆಯೇ ಅವನು ಬಾಗಿಲಿಗೆ ಬಂದು, "ಎಷ್ಟ್ ಬಿದ್ದಿದೆ ನೋಡೋ ನಾಣಿ" ಎಂದು ಕೂಗಿದ. ದೊರೆ ನನ್ನ ಮೆಟ್ಟಿಲ ಮೇಲೆ ನಿಂತು ಇಬ್ಬರನ್ನೂ ನೋಡಿದರು.

"ಎಷ್ಟು?" ಎಂದರು. "ಒಂದು ಇಂಚು ಹದಿನಾಲ್ಕು ಸೆಂಟು" ಎಂದೆ. "ಒಳ್ಳೆಯದು" ಎಂದು ಹೊರಟು ಹೋದರು. ಅಷ್ಟೇ. ಮೂರು ದಿನದಿಂದ ಬೇರೆ ಒಂದು ಮಾತೂ ಇಲ್ಲ.

ಅಕ್ಕ, ಸಾಂತಪ್ಪ ನಿನಗೆ ಗೊತ್ತಿರುವವನೇ. ನಮ್ಮ ಡಿಸ್ಪೆನ್ಸರಿಯ ಕಂಪೌಂಡರ್, ಶನಿವಾರಸಂತೆ ಕಡೆಯವನು. ಎರಡು ಹುತ್ತರಿ ಹಬ್ಬಕ್ಕೆ ನನ್ನ ಜೊತೆ ನಿನ್ನ ಮನೆಗೆ ಬಂದು ಊಟ ಮಾಡಿದ್ದಾನೆ, ನಿನ್ನ ಕೆಮ್ಮಿಗೆ ಮದ್ದು ಕಳಿಸಿದ್ದಾನೆ. ನಾನು ಯಾಕೆ ಮದುವೆ ಬೇಡವೆನ್ನುತ್ತೇನೆಂದು ನೀನು ಕೇಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಇವತ್ತು ಕೇಳದೆಯೇ ಹೇಳುತ್ತಿದ್ದೇನೆ. ಅವನಿಂದಾಗಿ. ಬೇರೆ ಯಾರಿಗೂ ಇದನ್ನು ಹೇಳಲಾರೆ, ಹೇಳದೆ ಇರಲೂ ಆಗುತ್ತಿಲ್ಲ. ಆಫೀಸಿನಲ್ಲಿ ಯಾರಾದರೂ ಕೆಮ್ಮಿದರೂ ಕೂಡುತ್ತಿದ್ದ ಲೆಕ್ಕ ತಪ್ಪುತ್ತದೆ.

ಬೈದು ಬರೆದರೂ ಸರಿ, ಬರೆ.

ನಿನ್ನ ತಮ್ಮ
ನಾಣಯ್ಯ


ಸಂಪಾಜೆ
5-4-1958

ನಾಣಿ,

ನಿನ್ನ ಕಾಗದ ಅಕ್ಕಿ ಡಬ್ಬಿಯ ತಳದಲ್ಲಿದೆ. ಸುಡಬೇಕೆಂದು ಎರಡು ಸಲ ಒಲೆಯ ಹತ್ತಿರ ಹೋಗಿ ವಾಪಸು ಬಂದೆ.

ನನಗೆ ಗೊತ್ತಿರಲಿಲ್ಲವೆಂದು ತಿಳಿದೆಯಾ? ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುವವಳಿಗೆ ಯಾರು ಯಾರ ಪಕ್ಕ ಕೂತರೆ ಮುಖ ಅರಳುತ್ತದೆಂದು ತಿಳಿಯುವುದಿಲ್ಲವೇ? "ನಂಗೆಲ್ಲ ಗೊತ್ತುಟ್ಟು" ಎಂದು ನಿನ್ನ ಎದುರು ಒಂದು ದಿನ ಹೇಳಿಬಿಡೋಣವೆಂದಿದ್ದೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಅದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡ. ನನಗೆ ಗೊತ್ತಿಲ್ಲ. ಆದರೆ ಲೋಕ ಕೇಳುತ್ತದೆ, ಅದು ಉತ್ತರಕ್ಕೂ ಕಾಯುವುದಿಲ್ಲ.

ಮೊದಲು ನೀನು ಅವನ ಮನೆಗೆ ಹೋಗುವುದನ್ನು ನಿಲ್ಲಿಸು. ನಾಲ್ಕು ಜನರೆದುರು ಮಾತಾಡುವುದನ್ನೂ ನಿಲ್ಲಿಸು. ಪೆರಾಜೆಯಲ್ಲಿ ಒಂದು ಹುಡುಗಿ ಇದ್ದಾಳೆ, ಕಮಲ ಎಂದು ಹೆಸರು, ಎಂಟನೇ ತರಗತಿ ಓದಿದ್ದಾಳೆ. ಮಾತು ಹಚ್ಚಲೇ?

ನನ್ನ ಪರಿಸ್ಥಿತಿಯನ್ನೂ ನೆನಪಿಡು. ಕೊಡಗು ಮೈಸೂರಿಗೆ ಸೇರಿ ವರ್ಷ ಒಂದೂವರೆಯಾಯಿತು. ನಮ್ಮಂಥ ಹಳೆಯ ಟೀಚರುಗಳ ಹೆಸರು ಹೊಸ ಪಟ್ಟಿಗೆ ಇನ್ನೂ ಏರಿಲ್ಲ. ಏರಿಸುವ ಮೊದಲು ಮನೆತನ, ನಡತೆ ಎಲ್ಲ ವಿಚಾರಿಸುತ್ತಾರಂತೆ. ಗಂಡ ಸತ್ತ ಮೇಲೆ ಈ ಕೆಲಸವೊಂದೇ ನನ್ನನ್ನು ನಿಲ್ಲಿಸಿರುವುದು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ
ಯಮುನ


ಸಿದ್ದಾಪುರ
20-4-1958, ಭಾನುವಾರ

ಅಕ್ಕನಿಗೆ,

ಪೆರಾಜೆಯ ಹುಡುಗಿಯ ಬಗ್ಗೆ ಉತ್ತರ ಬರೆಯಲು ಹೋದ ಭಾನುವಾರವೇ ಕೂತಿದ್ದೆ, ಬರೆದದ್ದನ್ನು ಹರಿದು ಹಾಕಿದೆ. ಆ ಹೆಣ್ಣುಮಗಳು ನನಗೇನು ಅನ್ಯಾಯ ಮಾಡಿದ್ದಾಳೆ ಅಂತ ಅವಳಿಗೆ ಮೋಸ ಮಾಡಲಿ? ಆ ಮಾತು ಬಿಡು.

ಇಲ್ಲಿ ಯಾರೂ ಏನೂ ಹೇಳುತ್ತಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಮೊದಲು ಮಳೆ ಅಳೆಯುವ ಕೆಲಸ ನನ್ನಿಂದ ಹೆಡ್ ರೈಟರ್ ಸಣ್ಣಸ್ವಾಮಿಯವರಿಗೆ ಹೋಯಿತು. ಕಾರಣವಿಲ್ಲ. ಆಮೇಲೆ ಸ್ಟಾಫ್ ಕ್ಲಬ್ಬಿನಲ್ಲಿ ಸಾಂತಪ್ಪನ ಚಹಾ ಲೋಟ ಬೇರೆಯಾಯಿತು. ಕಿಟಕಿಯ ಮೇಲೆ ಒಂದೇ ಲೋಟ, ಬೋರಲಾಗಿ. ಅವನ ಜಾತಿ ಆರು ವರ್ಷದಿಂದ ಯಾರಿಗೂ ಅಡ್ಡ ಬಂದಿರಲಿಲ್ಲ. ಹೋದ ವಾರ ಡಿಸ್ಪೆನ್ಸರಿಯ ಒಳಕೋಣೆಗೆ ಬೀಗ ಹಾಕಿದರು. ಗಂಡಸರಿಗೆ ಮದ್ದನ್ನು ಕಿಟಕಿಯಿಂದ ಕೊಡಬೇಕಂತೆ. ಗಾಯ ಕಟ್ಟುವುದಿದ್ದರೆ ಜಗಲಿಯಲ್ಲಿ, ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು. ಮರಗಸಿಯಲ್ಲಿ ನೆರಳುಮರದ ಕೊಂಬೆ ಕಡಿಯುವಾಗ ತೊಡೆಗೆ ಕತ್ತಿ ತಗುಲಿದ ಚೋಮನನ್ನು ಮೊನ್ನೆ ಹಾಗೆ ಜಗಲಿಯಲ್ಲಿ ಮಲಗಿಸಿದ್ದರು. ಅವನು ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದ. ಸಾಂತಪ್ಪ ತಲೆ ಎತ್ತದೆ ಹೊಲಿಗೆ ಹಾಕಿದ.

ಕೂಲಿಯವರ ಲೈನ್ ಮನೆಯ ಕಾಳಿ ಮಾತ್ರ ಆಫೀಸಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಳು: "ನನ್ನ ಮಗಿನ ಜ್ವರ ಬಿಡಿಸಿದೋರು ಕಂಪೌಂಡ್ರಯ್ಯ. ಅವ್ರ ಮನೇಗೆ ಯಾರ್ ಬಂದ್ರೆ ನಂಗೇನು, ಯಾರ್ ಹೋದ್ರೆ ನಂಗೇನು?" ನನಗೆ ಅಳು ಬಂತು. ಆಮೇಲೆ ಇನ್ನೂ ಹೆದರಿಕೆಯಾಯಿತು, ಲೈನಿನವರೆಗೂ ಮಾತು ಹೋಗಿದೆಯಲ್ಲಾ ಎಂದು. ಸಣ್ಣಸ್ವಾಮಿಯವರು ಅಲ್ಲೇ ನಿಂತು ಕೇಳಿಸಿಕೊಂಡರು. ಮೂವತ್ತು ವರ್ಷದಿಂದ ಇಲ್ಲಿರುವ ಮನುಷ್ಯ. ಮಾತು ಕಮ್ಮಿ, ಕಣ್ಣು ಎಲ್ಲ ಕಡೆ. ನನಗೆ ದೊರೆಗಿಂತ ಅವರದೇ ಭಯ.

ಬುಧವಾರ ದೊರೆ ಕರೆಸಿದರು. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ. ಕಂಪೌಂಡರು ಮದ್ದಿನ ನೆಪದಲ್ಲಿ ನನ್ನನ್ನು ಮನೆಗೆ ಕರೆಸಿಕೊಂಡು ಕೆಟ್ಟ ದಾರಿಗೆ ಎಳೆದರು ಎಂದು ನಾನೇ ಹೇಳಿದ ಹಾಗೆ ಬರೆದಿದೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಅವರು ಕೂಗಾಡಲಿಲ್ಲ. "ನೀನು ಕೆಲಸ ಬಲ್ಲವನು, ಕೂಲಿಯವರ ನಾಲ್ಕು ಭಾಷೆ ಬರುತ್ತದೆ, ನಿನ್ನನ್ನು ಕಳೆದುಕೊಳ್ಳಲು ಇಷ್ಟವಿಲ್ಲ. ಸಹಿ ಹಾಕು, ವರ್ಷದೊಳಗೆ ಮದುವೆಯಾಗು. ಹಾಕದಿದ್ದರೆ ಇಬ್ಬರೂ ಹೋಗುತ್ತೀರಿ. ಇದಕ್ಕೆ ಕಾನೂನೂ ಇದೆ, ಜೈಲೂ ಇದೆ" ಎಂದರು. ಮೇ ಕೊನೆಗೆ ವಿಸಿಟಿಂಗ್ ಏಜೆಂಟ್ ಬರುತ್ತಾರೆ, ಕಂಪನಿಯ ಪರವಾಗಿ ಎಸ್ಟೇಟ್ ತಪಾಸಣೆ ಮಾಡುವವರು. ಅಲ್ಲಿಯವರೆಗೆ ನನಗೆ ಗಡುವು.

ಹೋಗುವುದೆಂದರೆ ಇಲ್ಲಿಂದ ಹೋಗುವುದಷ್ಟೇ ಅಲ್ಲ ಅಕ್ಕ. ಒಂದು ಎಸ್ಟೇಟ್ ಬಿಟ್ಟವನಿಗೆ ಇನ್ನೊಂದರಲ್ಲಿ ಕೆಲಸ ಸಿಗಬೇಕಾದರೆ ಹಳೆಯ ದೊರೆಯ ಚೀಟಿ ಬೇಕು. "ನಡತೆ ಒಳ್ಳೆಯದು" ಎಂಬ ಸಾಲು ಅದರಲ್ಲಿ ಇಲ್ಲದಿದ್ದರೆ ಶ್ರೀಮಂಗಲದಿಂದ ಸುಂಟಿಕೊಪ್ಪದವರೆಗೆ ಯಾವ ಗೇಟೂ ತೆರೆಯುವುದಿಲ್ಲ.

ಸಾಂತಪ್ಪನಿಗೆ ಹೇಳಿದೆ. "ಸಹಿ ಹಾಕ್ಬಿಡು ಕಣೋ. ಇಬ್ರೂ ಹಾಳಾಗೋ ಬದ್ಲು ಒಬ್ಬನಾದ್ರೂ ಉಳೀಲಿ. ನಿಂಗೆ ಹೆದರೋದೇ ಒಂದು ಕೆಲ್ಸ ಆಗೋಗಿದೆ" ಎಂದು ನಕ್ಕ. ಆಮೇಲೆ ನೋಡಿದೆ, ಬಾಟಲಿಗೆ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ್ದ.

ಹದಿಮೂರು ವರ್ಷದ ನನ್ನ ಕೆಲಸದಲ್ಲಿ, ಆರು ವರ್ಷದ ಅವನ ಕೆಲಸದಲ್ಲಿ ಒಂದು ತಪ್ಪು ತೋರಿಸಿದ್ದರೆ ತಲೆ ತಗ್ಗಿಸಿ ಹೋಗುತ್ತಿದ್ದೆ. ಕೆಲಸದ ಮಾತನ್ನು ಯಾರೂ ಆಡುತ್ತಲೇ ಇಲ್ಲ. ನಾನೇನು ಮಾಡಲಿ?

ನಾಣಯ್ಯ


ಸಂಪಾಜೆ
26-4-1958

ಹೊಂಗೆಕೊಲ್ಲಿ ಎಸ್ಟೇಟಿನ ಮ್ಯಾನೇಜರ್ ದೊರೆಯವರಿಗೆ,

ತಮ್ಮಲ್ಲಿ ರೈಟರ್ ಆಗಿರುವ ನಾಣಯ್ಯನ ಅಕ್ಕ ಯಮುನ, ಕೈಮುಗಿದು ಬರೆದುಕೊಳ್ಳುವ ಅರಿಕೆ.

ನಮ್ಮ ತಂದೆತಾಯಿ ಇಲ್ಲ. ಆ ಹುಡುಗನನ್ನು ಸಾಕಿದವಳು ನಾನು. ಅವನು ಸ್ವಭಾವತಃ ಒಳ್ಳೆಯವನು. ತಮ್ಮ ಡಿಸ್ಪೆನ್ಸರಿಯ ಕಂಪೌಂಡರು ಎರಡು ಸಲ ನಮ್ಮ ಮನೆಗೂ ಬಂದಿದ್ದರು. ಅವರ ಸಹವಾಸದಿಂದಲೇ ನನ್ನ ತಮ್ಮ ದಾರಿ ತಪ್ಪಿದ್ದಾನೆಂದು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ತಾವು ಕೇಳಿದ ಕಾಗದಕ್ಕೆ ಸಹಿ ಹಾಕಲು ಅವನಿಗೆ ದಾಕ್ಷಿಣ್ಯ. ಅವನ ಬದಲಿಗೆ ನನ್ನ ಈ ಮಾತನ್ನೇ ಸಾಕ್ಷಿ ಎಂದು ತಿಳಿದು ಕಂಪೌಂಡರನ್ನು ಕಳಿಸಿಬಿಡಬೇಕು, ನನ್ನ ತಮ್ಮನನ್ನು ಉಳಿಸಿಕೊಳ್ಳಬೇಕು. ಅವನ ಮದುವೆಯ ಜವಾಬ್ದಾರಿ ನನ್ನದು.

ಈ ಕಾಗದದ ವಿಷಯ ನನ್ನ ತಮ್ಮನಿಗೆ ಎಂದೆಂದಿಗೂ ತಿಳಿಯಬಾರದು. ನಾನು ಶಾಲೆಯಲ್ಲಿ ಕೆಲಸದಲ್ಲಿರುವವಳು. ಹೊರಗೆಲ್ಲೂ ನನ್ನ ಹೆಸರು ಬಾರದಂತೆ ಕಾಪಾಡಬೇಕು.

ತಮ್ಮ ವಿಧೇಯಳು
ಯಮುನ


ಹೊಂಗೆಕೊಲ್ಲಿ ಎಸ್ಟೇಟ್ ಆಫೀಸು
3-5-1958

ಶ್ರೀಮತಿ ಯಮುನ, ಉಪಾಧ್ಯಾಯಿನಿ, ಸಂಪಾಜೆ, ಇವರಿಗೆ.

ತಮ್ಮ ಏಪ್ರಿಲ್ 26ರ ಪತ್ರ ತಲುಪಿದೆ. ತಮ್ಮ ಶಾಲೆಯ ಮಕ್ಕಳಿಗೆ ಬೆಂಚು ಮಾಡಿಸಲು ಎಸ್ಟೇಟಿನಿಂದ ಮರ ಕೊಡಬೇಕೆಂಬ ತಮ್ಮ ಕೋರಿಕೆಯನ್ನು ಮ್ಯಾನೇಜರವರು ಪರಿಶೀಲಿಸಿದ್ದಾರೆ. ಸದ್ಯಕ್ಕೆ ಅದನ್ನು ಈಡೇರಿಸಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದವಾಗುತ್ತದೆ.

ಮ್ಯಾನೇಜರವರ ಅಪ್ಪಣೆಯಂತೆ
ನಾಣಯ್ಯ, ರೈಟರ್


ಸಿದ್ದಾಪುರ
4-5-1958, ಭಾನುವಾರ

ಅಕ್ಕ,

ಇದು ಮುಟ್ಟುವ ಮೊದಲೇ ಆಫೀಸಿನ ಕಾಗದ ನಿನಗೆ ಸಿಕ್ಕಿರಬೇಕು. ಬೆಂಚು ಎಲ್ಲಿಂದ ಬಂತೆಂದು ದಿಗಿಲು ಬಿದ್ದಿರುತ್ತೀ. ಹೇಳುತ್ತೇನೆ.

ಈ ದೊರೆಗೆ ಕನ್ನಡ ಬರುವುದಿಲ್ಲ. ಕಲ್ಕತ್ತೆಯಿಂದ ಬಂದವರು. ಟಪ್ಪಾಲಿನಲ್ಲಿ ಬರುವ ಕನ್ನಡ ಕಾಗದವನ್ನೆಲ್ಲ ಓದಿ ಇಂಗ್ಲಿಷಿನಲ್ಲಿ ಹೇಳುವವನು ನಾನು. ಕೂಲಿಯವರ ಅರ್ಜಿಯಿಂದ ಹಿಡಿದು ಶಾನುಭೋಗರ ನೋಟೀಸಿನವರೆಗೆ ಎಲ್ಲ ನನ್ನ ಕೈಗೇ ಬರುತ್ತದೆ. ನನಗೆ ಎಂದೆಂದಿಗೂ ತಿಳಿಯಬಾರದೆಂದು ನೀನು ಬರೆದ ಕಾಗದವನ್ನು ಶುಕ್ರವಾರ ದೊರೆ ನನ್ನ ಕೈಗೇ ಕೊಟ್ಟರು. "ಏನಂತೆ ಓದು" ಎಂದರು.

ಮೊದಲ ಸಾಲಿಗೇ ನಿನ್ನ ಅಕ್ಷರವೆಂದು ತಿಳಿಯಿತು. ಹರಡಿದ ಮರಳಿನ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದವಳ ಅಕ್ಷರ ಮರೆಯುತ್ತದೆಯೇ? ಪೂರ್ತಿ ಓದಿದೆ. ದೊರೆ ಪೈಪಿಗೆ ಹೊಗೆಸೊಪ್ಪು ತುಂಬುತ್ತಾ ಕಾಯುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಓದಿದ್ದರೆ ಅಲ್ಲಿಗೆ ಸಾಂತಪ್ಪನ ಕತೆ ಮುಗಿಯುತ್ತಿತ್ತು, ನಾನು ಸಹಿ ಹಾಕುವ ಕಷ್ಟವೂ ತಪ್ಪುತ್ತಿತ್ತು. ಒಂದು ಗಳಿಗೆ ಹಾಗೆ ಮಾಡೋಣವೆಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. "ಸಂಪಾಜೆಯ ಶಾಲೆಯ ಟೀಚರ್ ಬರೆದಿದ್ದಾರೆ. ಮಕ್ಕಳು ನೆಲದ ಮೇಲೆ ಕೂರುತ್ತಿದ್ದಾರೆ, ಬೆಂಚಿಗೆ ಮರ ಬೇಕಂತೆ" ಎಂದೆ. ಬಾಯಿಗೆ ಅದೇ ಬಂತು. "ಇಲ್ಲವೆಂದು ಬರೆ" ಎಂದರು. ಕಾಗದವನ್ನು ನನಗೆ ವಾಪಸು ಕೊಡಲಿಲ್ಲ. ಮಡಚಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು, ಎಲ್ಲ ಕಾಗದಕ್ಕೂ ಮಾಡುವಂತೆ.

ಈಗ ಅದು ಅಲ್ಲಿದೆ. ದೊರೆಗೆ ಯಾವತ್ತಾದರೂ ಅನುಮಾನ ಬಂದು ಸಣ್ಣಸ್ವಾಮಿಯವರನ್ನು ಕರೆದು ಓದಿಸಿದರೆ ನಾನು, ಸಾಂತಪ್ಪ, ನೀನು, ಮೂವರೂ ಒಂದೇ ಹಾಳೆಯಲ್ಲಿದ್ದೇವೆ. ಆ ಮೇಜಿನ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಡ್ರಾಯರಿನ ಕಡೆಗೇ ಹೋಗುತ್ತದೆ. ಹೋಗಬಾರದೆಂದು ಗೋಡೆ ನೋಡುತ್ತೇನೆ.

ಸಾಂತಪ್ಪನಿಗೆ ಹೇಳಿಲ್ಲ. ನಿನ್ನ ಮನೆಯ ಊಟವನ್ನು ಅವನು ಈಗಲೂ ಹೊಗಳುತ್ತಾನೆ.

ನೀನು ಹೀಗೆ ಬರೆದೆಯಲ್ಲಾ ಅಕ್ಕ.

ನಾಣಯ್ಯ


ಸಂಪಾಜೆ
9-5-1958

ನಾಣಿ,

ಹಿಂದಿನ ಬಿಳಿ ದೊರೆ ನಿನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ನನ್ನ ಹತ್ತಿರ ಸ್ವಚ್ಛವಾಗಿ ಕನ್ನಡ ಮಾತಾಡಿದ್ದರು. "ನಿನ್ನ ತಮ್ಮ ನನಗೆ ಬೇಕು ತಾಯೀ" ಎಂದಿದ್ದರು. ಹೊರಗಿನವರಿಗೇ ಅಷ್ಟು ಬರುವಾಗ ನಮ್ಮ ದೇಶದವರೇ ಆದ ಇವರಿಗೆ ಬಾರದಿರುತ್ತದೆಯೇ ಎಂದುಕೊಂಡೆ. ಎಂಥ ಮೂರ್ಖಳು ನಾನು. ಟೀಚರಂತೆ!

ನಿನಗಾಗಿ ಬರೆದೆ ಎಂದು ಹೇಳಿಕೊಳ್ಳಬಹುದು. ಅರ್ಧ ಅದು ನಿಜ. ಇನ್ನರ್ಧ ಕೇಳು. ನಿನ್ನ ಭಾವ ತೀರಿಕೊಂಡ ವರ್ಷ ಶಾಲೆಗೆ ತಪಾಸಣೆಗೆ ಬಂದವರೊಬ್ಬರು ನನ್ನನ್ನು ಒಂಟಿಯಾಗಿ ನಿಲ್ಲಿಸಿಕೊಂಡು ಕೇಳಿದ್ದರು, "ನಿಮ್ಮ ಮನೆಗೆ ಯಾರು ಯಾರು ಬರುತ್ತಾರೆ?" ಎಂದು. ನಾನು ಹೇಳುವ ಪಾಠದ ಬಗ್ಗೆ ಒಂದು ಪ್ರಶ್ನೆಯಿಲ್ಲ. ಪಟ್ಟಿಯಲ್ಲಿ ಹಾಲಿನವನನ್ನೂ ಹೇಳಿದೆ, ಯಾರನ್ನೂ ಬಿಡಬಾರದೆಂದು. ಅವತ್ತಿನಿಂದ ಮುಸ್ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತೇನೆ. ಅದು ಎಂಥ ಹೆದರಿಕೆಯೆಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ. ತಿಳಿದೂ ತಿಳಿದೂ ಆ ಪ್ರಶ್ನೆಯನ್ನು ಎತ್ತಿ ಸಾಂತಪ್ಪನ ತಲೆಯ ಮೇಲೆ ಹಾಕಿದೆ. ನನ್ನ ಎಲೆಯಲ್ಲಿ ಉಂಡವನ ಮೇಲೆ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ಪ್ರತಿ ದಿನ ಮಧ್ಯಾಹ್ನ ಪೋಸ್ಟಿನವನು ಬರುವ ಹೊತ್ತಿಗೆ ಪಾಠ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಆ ಕಾಗದವನ್ನು ಹೇಗಾದರೂ ತೆಗೆಯಲು ಆಗುವುದಿಲ್ಲವೇ? ಸಹಿಯ ವಿಷಯದಲ್ಲಿ ಹಾಕು, ಹಾಕಬೇಡ ಎಂದು ಹೇಳುವ ಹಕ್ಕು ನನಗಿನ್ನಿಲ್ಲ.

ಯಮುನ


ಸಿದ್ದಾಪುರ
1-6-1958, ಭಾನುವಾರ

ಅಕ್ಕನಿಗೆ,

ನಾಲ್ಕು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ದಿನಾ ಹೆದರಿದೆ ಅಷ್ಟೆ. ಡ್ರಾಯರಿನ ಬೀಗದ ಕೈ ದೊರೆಯ ಸೊಂಟ ಬಿಡುವುದಿಲ್ಲ. ಸಾಂತಪ್ಪ ಸೊರಗಿ ಹೋಗಿದ್ದಾನೆ. ಕೊನೆಗೆ ಅವನಿಗೆ ನಿನ್ನ ಕಾಗದದ ವಿಷಯ ಹೇಳಿದೆ. "ಅವ್ರಿಗೆ ನನ್ಕಿಂತ ಜಾಸ್ತಿ ಭಯ ಆಗಿರ್ಬೇಕು, ಪಾಪ" ಎಂದ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಗುರುವಾರ ವಿಸಿಟಿಂಗ್ ಏಜೆಂಟ್ ಬಂದರು. ಮಧ್ಯಾಹ್ನ ಆಫೀಸಿನಲ್ಲಿ ಕೂತು ಒಂದೊಂದೇ ಫೈಲು ನೋಡುತ್ತಾ ನಿನಗೆ ಹೋದ ಉತ್ತರದ ನಕಲಿನ ಹತ್ತಿರ ನಿಂತರು. ಅದಕ್ಕೆ ದೊರೆಗಾಗಿ ಇಂಗ್ಲಿಷಿನಲ್ಲಿ ಎರಡು ಸಾಲು ನಾನೇ ಬರೆದು ಅಂಟಿಸಿದ್ದೆ. "ಸಂಪಾಜೆಯ ಶಾಲೆ ನಲವತ್ತು ಮೈಲಿ ದೂರದ ನಮ್ಮನ್ನು ಯಾಕೆ ಮರ ಕೇಳುತ್ತದೆ? ಅಲ್ಲೇ ಕಾಡಿದೆಯಲ್ಲ?" ಎಂದರು. ದೊರೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ, ಅವರು ಎದ್ದು ಡ್ರಾಯರು ತೆಗೆದು ಕಾಗದ ಹುಡುಕಿದರು. ನನಗೆ ಕೊಡಲಿಲ್ಲ. "ಸಣ್ಣಸ್ವಾಮಿಯನ್ನು ಕರೆಯಿರಿ" ಎಂದರು.

ಅಕ್ಕ, ಅವರು ಪಕ್ಕದ ಕೋಣೆಯಿಂದ ಬರುವ ಹತ್ತು ಹೆಜ್ಜೆಯನ್ನು ನಾನು ಸಾಯುವವರೆಗೆ ಮರೆಯಲಾರೆ. ಅವರು ಕನ್ನಡಕ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೆ ಮೇಲಿನಿಂದ ಓದಿದರು. ನಿನ್ನ ಹೆಸರಿನ ಹತ್ತಿರ ಅವರ ಕಣ್ಣು ನಿಂತದ್ದನ್ನು ನೋಡಿದೆ. ನನ್ನ ಕಡೆ ತಿರುಗಲೇ ಇಲ್ಲ.

"ಬೆಂಚು, ಸರ್" ಎಂದರು. "ನಲವತ್ತು ಮಕ್ಕಳಿದ್ದಾರಂತೆ. ನೆಲದ ತಂಡಿಗೆ ಕೆಮ್ಮು ಬರುತ್ತದಂತೆ. ಮತ್ತಿ ಮರವಾದರೂ ಆದೀತು ಎಂದು ಬರೆದಿದ್ದಾರೆ."

ಬೆಂಚಿನ ಮಾತನ್ನು ಅವರು ಫೈಲಿನ ನಕಲಿನಲ್ಲಿ ನೋಡಿದ್ದರು, ಮತ್ತಿ ಮರ ಅವರದೇ ಸೇರಿಕೆ. ನಾನು ಹೇಳಿದ ಸುಳ್ಳಿಗೆ ಆ ಮನುಷ್ಯ ಕೆಮ್ಮು ಬರಿಸಿದರು, ಮರದ ಜಾತಿಯನ್ನೂ ಹೇಳಿದರು. ಸಿಕ್ಕಿಬಿದ್ದರೆ ಮೂವತ್ತು ವರ್ಷದ ನೌಕರಿ ಅಲ್ಲೇ ಹೋಗುತ್ತಿತ್ತು. ಏಜೆಂಟ್ ನಕ್ಕು ಮುಂದಿನ ಫೈಲು ತೆಗೆದರು.

ಆಮೇಲೆ ಜಗಲಿಯಲ್ಲಿ ಅವರ ಹತ್ತಿರ ಹೋದೆ. ಕೈ ಮುಗಿದೆ. "ನಂಗೇನೂ ಗೊತ್ತಿಲ್ಲ ಮಾರಾಯ, ನನ್ನ ಕನ್ನಡಕ ಹಳೇದು" ಎಂದರು. ಹೋಗುತ್ತಾ ತಿರುಗಿ, "ಹೆಂಗಸ್ರನ್ನ ಇಷ್ಟು ಹೆದರಿಸ್ಬಾರ್ದು" ಎಂದರು. ನನಗೋ ದೊರೆಗೋ ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

ಸಂಜೆ ನಾಲ್ಕಕ್ಕೆ ದೊರೆ ಸಹಿಯ ಹಾಳೆ ಮುಂದಿಟ್ಟರು. ಏಜೆಂಟರೂ ಕೂತಿದ್ದರು. ಪೆನ್ನನ್ನು ಕೈಗೇ ಕೊಟ್ಟರು. ಒಂದು ವಾರದ ಹಿಂದೆ ಕೊಟ್ಟಿದ್ದರೆ ಹಾಕುತ್ತಿದ್ದೆನೇನೋ. ಆದರೆ ನನ್ನ ಸಂಬಂಧಿಯಲ್ಲದ, ನನ್ನನ್ನು ಒಂದು ದಿನ ಹೊಗಳದ ಆ ಮುದುಕ ಎರಡು ಗಂಟೆಯ ಹಿಂದೆ ಅದೇ ಜಾಗದಲ್ಲಿ ನಿಂತಿದ್ದರು. "ಇದರಲ್ಲಿ ಬರೆದದ್ದು ಸುಳ್ಳು ಸರ್. ನನ್ನನ್ನು ಯಾರೂ ಎಲ್ಲಿಗೂ ಎಳೆಯಲಿಲ್ಲ. ನನ್ನ ಕಾಲಲ್ಲೇ ಹೋದೆ" ಎಂದೆ. ಪೆನ್ನನ್ನು ಮೇಜಿನ ಮೇಲಿಟ್ಟೆ.

ಏಜೆಂಟ್ ಕಿಟಕಿಯ ಹೊರಗೆ ನೋಡಿದರು. ಪೊಲೀಸರವರೆಗೆ ಹೋದರೆ ಕಂಪನಿಯ ಹೆಸರು ಕೆಡುತ್ತದೆಂದು ಮಾತ್ರ ಅಂದರು. ಅದೊಂದು ಕಾರಣಕ್ಕೆ ನಾವು ಜೈಲಿನ ಹೊರಗಿದ್ದೇವೆ, ದಯೆಯಿಂದಲ್ಲ. ಇಬ್ಬರಿಗೂ ಚೀಟಿ ಕೊಟ್ಟಿದ್ದಾರೆ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಕೆಲಸ ಮಾಡಿದರು, ಅಷ್ಟೆ. ನಡತೆಯ ಸಾಲು ಇಲ್ಲ. ಭಾನುವಾರ ಎಂಟನೇ ತಾರೀಕಿನೊಳಗೆ ಮನೆ ಬಿಡಬೇಕು.

ಎಲ್ಲಿಗೆ ಹೋಗುವುದೆಂದು ತಿಳಿದಿಲ್ಲ. ಹೊರಡುವ ಮೊದಲು ಶುಕ್ರವಾರ ಇನ್ನೊಮ್ಮೆ ಲಿಂಗನ ಅಂಗಡಿಗೆ ಬರುತ್ತೇನೆ. ಶನಿವಾರಸಂತೆಗೆ ಅವನು ಹೋಗಲಾರ, ಅಣ್ಣಂದಿರಿಗೆ ಸುದ್ದಿ ಮುಟ್ಟಿದೆ. ಸಹಿ ಹಾಕದೆ ಬಂದ ಮೇಲೆ ಭಯ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲ. ಈ ಅಂಗಡಿಗೆ ಬರುವಾಗಲೂ ನಾಲ್ಕು ಸಲ ಹಿಂದೆ ತಿರುಗಿ ನೋಡಿದೆ. ಆದರೆ ಈಗ ಅವನ ಮುಖ ನೋಡಲು ನನಗೆ ಭಯವಿಲ್ಲ, ಅಷ್ಟು ಉಳಿಯಿತು.

ನಿನಗೆ ತೊಂದರೆಯಾಗುವಂತೆ ಅಲ್ಲಿಗೆ ಬರುವುದಿಲ್ಲ. ಹೆದರಬೇಡ.

ನಿನ್ನ ತಮ್ಮ
ನಾಣಯ್ಯ


ಸಂಪಾಜೆ
4-6-1958

ನಾಣಿ,

ನಿನ್ನ ಕಾಗದ ಈಗ ಬಂತು. ಮಕ್ಕಳನ್ನು ಕಾಪಿ ಬರೆಯಲು ಕೂರಿಸಿ ಇದನ್ನು ಬರೆಯುತ್ತಿದ್ದೇನೆ, ಈ ಹೊತ್ತಿನ ಟಪ್ಪಾಲಿಗೇ ಹೋಗಬೇಕು.

"ನಿನಗೆ ತೊಂದರೆಯಾಗುವಂತೆ ಬರುವುದಿಲ್ಲ" ಎಂದು ಬರೆದಿದ್ದೀ. ಆ ಸಾಲನ್ನು ಓದಿ ಮೊದಲು ನನಗೆ ಸಮಾಧಾನವಾಯಿತು. ಇದನ್ನು ನಿನಗೆ ಹೇಳಲೇಬೇಕು. ಸಮಾಧಾನದಿಂದ ಎರಡು ಲೋಟ ನೀರು ಕುಡಿದೆ. ಆಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಯಾರೋ ಸಣ್ಣಸ್ವಾಮಿ, ನನ್ನ ಮುಖ ನೋಡಿದವರಲ್ಲ, ನನ್ನ ಸುಳ್ಳು ಸಾಕ್ಷಿಯನ್ನು ಕೈಯಲ್ಲಿ ಹಿಡಿದೂ ನನ್ನನ್ನು ಕಾಪಾಡಿದರು. ನಾನು ಅಕ್ಕ ಎನ್ನಿಸಿಕೊಂಡವಳು.

ನೀವು ಇಬ್ಬರೂ ಇಲ್ಲಿಗೆ ಬನ್ನಿ. ಮೊದಲೇ ಹೇಳುತ್ತೇನೆ, ಕತ್ತಲಾದ ಮೇಲೆ ಬರಬೇಡಿ, ಹಿಂದಿನ ದಾರಿಯಲ್ಲಿ ಬರಬೇಡಿ. ಶನಿವಾರ ಅರ್ಧ ದಿನ ಶಾಲೆ. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಬಸ್ಸು ಹನ್ನೆರಡರ ಸುಮಾರಿಗೆ ಶಾಲೆಯ ಎದುರಿಗೇ ನಿಲ್ಲುತ್ತದೆ, ಆಗ ಮಕ್ಕಳೂ ಮೇಷ್ಟ್ರುಗಳೂ ಹೊರಗೆ ಬರುವ ಹೊತ್ತು. ಆ ಬಸ್ಸಿನಿಂದ ಇಳಿಯಿರಿ. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಯಾರೆಂದು ಹೆಡ್‌ಮಾಸ್ಟರು ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಒಬ್ಬ ನನ್ನ ತಮ್ಮ, ಇನ್ನೊಬ್ಬರು ಅವನ ಜೊತೆಯವರು, ಇಬ್ಬರೂ ನನ್ನ ಮನೆಯಲ್ಲಿರುತ್ತಾರೆ ಎಂದು ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಕೇಳಿದರೆ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ.

ಹೊಸ ಪಟ್ಟಿಗೆ ನನ್ನ ಹೆಸರು ಏರದೇ ಹೋಗಬಹುದು. ಹೋದರೆ ಏನು ಮಾಡುವುದೆಂದು ಲೆಕ್ಕ ಹಾಕಲು ಕೂತೆ, ಹಾಕಲಾಗಲಿಲ್ಲ. ಈ ಸಾಲು ಬರೆಯುವಾಗ ಶಾಯಿ ಚೆಲ್ಲಿತು ನೋಡು. ಇದೇ ಹಾಳೆಯನ್ನು ಕಳಿಸುತ್ತಿದ್ದೇನೆ, ಬೇರೆ ಬರೆಯುವಷ್ಟು ಹೊತ್ತಾದರೆ ಮನಸ್ಸು ಬದಲಾದೀತು.

ಸಾಂತಪ್ಪನವರಿಗೆ ಹೇಳು: ನಾನು ಬರೆದದ್ದನ್ನು ಅವರು ಮರೆಯಬೇಕಾಗಿಲ್ಲ. ಬಂದು ನನ್ನ ಎದುರಿಗೆ ಕೂತು ಬೈಯಲಿ.

ಹೆದರಿಕೆಯಾಗುತ್ತಿದೆ ನಾಣಿ. ಬನ್ನಿ.

ನಿನ್ನ ಅಕ್ಕ
ಯಮುನ